ಒಂಬತ್ತು ಗೂಟ, ಏಳು ಕಲ್ಲು

ನಿಲ್ಲಿಸಿದ ಒಂಬತ್ತು ಗೂಟಗಳನ್ನು ಚೆಂಡು ಉರುಳಿಸಿ ಕೆಡಹುವ ಆಟ ಯುರೋಪಿನದು. 1953ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಮುಂದೆ ಜರ್ಮನಿ, ಹಂಗೇರಿ, ಸರ್ಬಿಯ, ಕ್ರೊಯೇಷಿಯ ಮುಂತಾದ ದೇಶಗಳ ಪುರುಷರ ಕ್ಲಬ್ಬುಗಳು ಪರಸ್ಪರ ಸೆಣಸುವ ಪಂದ್ಯಾವಳಿಗಳೂ ಹುಟ್ಟಿಕೊಂಡವು. ತಂಡಕ್ಕೆ ಆರು ಮಂದಿ. ಒಬ್ಬೊಬ್ಬರಿಗೆ 120 ಎಸೆತ.

ಕೊಳ್ಳೇಗಾಲ, ಹನೂರು, ಯಳಂದೂರಿನವರಿಗೆ ಇದು ಯಾವುದೋ ದೂರದ ಸುದ್ದಿ ಎನಿಸೀತು. ಆದರೆ ಗುರಿಯಿಟ್ಟು ಕೆಡಹುವ ಸುಖ ನಮಗೇನೂ ಹೊಸದಲ್ಲ. ಏಳು ಚಪ್ಪಟೆ ಕಲ್ಲು ಪೇರಿಸಿ ಚೆಂಡಿನಿಂದ ಹೊಡೆಯುವ ಲಗೋರಿ ನಮ್ಮಲ್ಲಿದೆ. 1956ರವರೆಗೆ ಕೊಳ್ಳೇಗಾಲ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಯಳಂದೂರು ಮೈಸೂರಿನಲ್ಲಿತ್ತು. ಆಟಕ್ಕೆ ಮಾತ್ರ ಈ ಗಡಿಯ ಹಂಗಿಲ್ಲ; ತಮಿಳರೂ ಇದನ್ನು 'ಏಳು ಕಲ್ಲು' ಎಂದೇ ಕರೆಯುತ್ತಾರೆ.

ಅವರ ಆಟಕ್ಕೆ ಸಿಕ್ಕ ಕ್ಲಬ್ಬು, ಕಪ್ಪು ನಮ್ಮ ಬೀದಿಯ ಆಟಕ್ಕೆ ಏಕೆ ಸಿಗಲಿಲ್ಲ? ಅಲ್ಲಿ ಅಂಕಣದ ಉದ್ದ, ಚೆಂಡಿನ ತೂಕ, ಎಸೆತದ ಲೆಕ್ಕ ಎಲ್ಲ ಊರಿಗೂ ಒಂದೇ. ಹಾಗಾಗಿ ಬುಡಾಪೆಸ್ಟಿನ ಅಂಕವನ್ನು ಜಾಗ್ರೆಬ್ಬಿನ ಅಂಕದೊಡನೆ ತೂಗಬಹುದು. ಲಗೋರಿಯ ಕಟ್ಟಳೆಯಾದರೋ ಬೀದಿಗೊಂದು. ಕಾಸಿಲ್ಲದವನೂ ಆಡುವಂತೆ ಮಾಡಿದ್ದು ಈ ಸಡಿಲವೇ; ಬೀದಿ ವಾಹನಗಳ ಪಾಲಾದಾಗ ಆಟ ಸದ್ದಿಲ್ಲದೆ ಮರೆಯಾಗಲು ಬಿಟ್ಟದ್ದೂ ಅದೇ.

ಇನ್ನೊಂದು ವ್ಯತ್ಯಾಸವಿದೆ. ಗೂಟ ಬಿದ್ದರೆ ಅಲ್ಲಿ ಎಸೆತ ಮುಗಿಯಿತು. ಲಗೋರಿಯಲ್ಲಿ ಕಲ್ಲು ಬಿದ್ದ ಮೇಲೆಯೇ ನಿಜವಾದ ಆಟ: ಚೆಂಡಿನ ಏಟು ತಪ್ಪಿಸಿಕೊಳ್ಳುತ್ತ ಕೆಡಹಿದ್ದನ್ನು ಮತ್ತೆ ಪೇರಿಸಬೇಕು. ಆಡಿ ಬಲ್ಲ ಹಿರಿಯರು ತಮ್ಮ ಕೇರಿಯ ಕಟ್ಟಳೆಯನ್ನು ಮಕ್ಕಳಿಗೆ ಹೇಳಿಕೊಟ್ಟು ಬರೆಸಿಟ್ಟರೆ, ಈ ಆಟವನ್ನೂ ಹಾಗೆಯೇ ಮರಳಿ ಕಟ್ಟಬಹುದು.