ಕೊನೆಯಿಲ್ಲದ ರಾಜ್ಯ: ಒಂದು ಮಾತಿನ ಚರಿತ್ರೆ

ನಮ್ಮ ನೆರೆಯ ಕ್ರೈಸ್ತರು ಇಗರ್ಜಿಯಲ್ಲಿ ಪಠಿಸುವ ನೈಸೀಯ ವಿಶ್ವಾಸ ಪ್ರಮಾಣದಲ್ಲಿ ನಾವು ಎರಡು ಮಾತುಗಳನ್ನು ಒಟ್ಟಿಗೇ ಕೇಳುತ್ತೇವೆ: ಬದುಕಿರುವವರಿಗೂ ಸತ್ತವರಿಗೂ ತೀರ್ಪು ಕೊಡಲು ಕ್ರಿಸ್ತನು ಮರಳಿ ಬರುವನು, ಅವನ ರಾಜ್ಯಕ್ಕೆ ಕೊನೆಯಿಲ್ಲ. ಇವೆರಡೂ ಒಮ್ಮೆಗೇ ಸೇರಿದವಲ್ಲ. ಕ್ರಿ.ಶ. 325ರಲ್ಲಿ ನೈಸೀಯದ ಸಭೆ ಒಪ್ಪಿದ ಪಾಠದಲ್ಲಿ ತೀರ್ಪಿನ ಮಾತಷ್ಟೇ ಇತ್ತು.

ಅಂಕಿರಾದ (ಇಂದಿನ ಅಂಕಾರಾ) ಬಿಷಪ್ ಮಾರ್ಸೆಲಸನು, ಅಂತ್ಯದಲ್ಲಿ ಕ್ರಿಸ್ತನು ರಾಜ್ಯವನ್ನು ತಂದೆಗೆ ಒಪ್ಪಿಸುವನೆಂಬ ಪೌಲನ ಮಾತನ್ನು ಹಿಡಿದು, ಆ ಆಳ್ವಿಕೆಗೂ ಮುಕ್ತಾಯವುಂಟೆಂದು ವಾದಿಸಿದನು. 336ರಲ್ಲಿ ಅವನನ್ನು ಪದವಿಯಿಂದ ಇಳಿಸಲಾಯಿತು; ವಾದ ಮಾತ್ರ ನಿಲ್ಲಲಿಲ್ಲ.

381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನ ಪಾಠದಲ್ಲಿ, ಲೂಕನ ಸುವಾರ್ತೆಯ ಆಧಾರದಿಂದ, ಎರಡನೆಯ ಮಾತೂ ಸೇರಿತು. ತೀರ್ಪಾದ ಮೇಲೂ ಕ್ರಿಸ್ತನ ಆಳ್ವಿಕೆ ಮುಗಿಯದೆಂಬುದು ಹೀಗೆ ಸ್ಥಿರವಾಯಿತು. ಆ ನಗರದಿಂದ ಆಳಿದ ಸಾಮ್ರಾಜ್ಯ 1453ರಲ್ಲಿ ಅಳಿಯಿತು. ಅಲ್ಲಿ ಸೇರಿದ ಮಾತನ್ನು ಇಂದಿಗೂ ಪಠಿಸುತ್ತಾರೆ.