ಶ್ರೀರಂಗಪಟ್ಟಣದಲ್ಲಿ ಶುರುವಾದ ಒಂದು ಹಳೇ ಕೇಸು

ಮುಚ್ಚಿಹೋದ ಕೇಸನ್ನು ಯಾರೋ ಮತ್ತೆ ತೆರೆಯುವ ಕಥೆ ಅಂದರೆ ನಿಮ್ಮಲ್ಲಿ ಎಷ್ಟೋ ಜನ ನಿದ್ದೆ ಬಿಟ್ಟು ಕೂರುತ್ತೀರಿ. ಅಂಥ ಕಥೆಗಳಿಗೆಲ್ಲ ಅಜ್ಜಿಯಂತಿರುವ ಒಂದು ಕಾದಂಬರಿ ಇದೆ: ವಿಲ್ಕಿ ಕಾಲಿನ್ಸ್ 1868ರಲ್ಲಿ ಪ್ರಕಟಿಸಿದ 'ದಿ ಮೂನ್‌ಸ್ಟೋನ್'. ಅದರ ಮೊದಲ ಪುಟಗಳು ನಡೆಯುವುದು ನಮ್ಮ ಶ್ರೀರಂಗಪಟ್ಟಣದಲ್ಲಿ!

ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ನಿಜವಾಗಿ ನಡೆದ ಒಂದು ಸಂಗತಿ. 1860ರ ಜೂನ್ ಕೊನೆಯಲ್ಲಿ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯೊಂದರಲ್ಲಿ, ನಾಲ್ಕು ವರ್ಷವೂ ತುಂಬದ ಸ್ಯಾವಿಲ್ ಕೆಂಟ್ ಎಂಬ ಮಗುವಿನ ಕೊಲೆಯಾಯಿತು. ಲಂಡನ್ನಿನಿಂದ ಬಂದ ಪತ್ತೇದಾರ ಜೊನಾಥನ್ ವಿಚರ್, ತಂದೆಯ ಮೊದಲ ಹೆಂಡತಿಯ ಮಗಳಾದ 16 ವರ್ಷದ ಕಾನ್‌ಸ್ಟನ್ಸ್‌ಳನ್ನು ಬಂಧಿಸಿದ. ಅವಳ ನೈಟ್‌ಗೌನ್‌ಗಳಲ್ಲಿ ಒಂದು ಕಾಣೆಯಾಗಿತ್ತು, ಅದೇ ಅವನಿಗೆ ಸಿಕ್ಕ ಎಳೆ. ಆದರೆ ಬಟ್ಟೆ ಸಿಗಲಿಲ್ಲ, ಹುಡುಗಿ ಹೊರಬಂದಳು. ದೊಡ್ಡವರ ಮನೆ ಹೆಣ್ಣುಮಗಳ ಬಟ್ಟೆ ಎಣಿಸಲು ಈ ಪೊಲೀಸಿನವನು ಯಾರು ಅಂತ ಜನ ವಿಚರ್‌ನನ್ನೇ ಬೈದರು. 1865ರಲ್ಲಿ ಕಾನ್‌ಸ್ಟನ್ಸ್ ತಾನಾಗಿ ತಪ್ಪೊಪ್ಪಿಕೊಂಡಳು. ಅಷ್ಟರಲ್ಲಿ ವಿಚರ್ ಕೆಲಸ ಬಿಟ್ಟಾಗಿತ್ತು.

ಕಾಲಿನ್ಸ್ ಆ ನೈಟ್‌ಗೌನನ್ನೂ ಆ ಪತ್ತೇದಾರನನ್ನೂ ಕಾದಂಬರಿಗೆ ತಂದ. ಮಗುವಿನ ಜಾಗದಲ್ಲಿ ಒಂದು ವಜ್ರ. ಯಾರ್ಕ್‌ಷೈರಿನ ಮನೆಯಲ್ಲಿ ಹುಟ್ಟುಹಬ್ಬದ ರಾತ್ರಿ ಅದು ಮಾಯ. ಸಾರ್ಜೆಂಟ್ ಕಫ್ ಬರುತ್ತಾನೆ, ಸೋತು ಹೋಗುತ್ತಾನೆ. ವರ್ಷದ ನಂತರ ಮನೆಯವನೊಬ್ಬ ಕೇಸನ್ನು ಮತ್ತೆ ಕೆದಕುತ್ತಾನೆ. ಕದ್ದವರು ಯಾರು ಅಂತ ನಾನು ಹೇಳುವುದಿಲ್ಲ, ಓದಿ.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಆ ಕಳ್ಳತನವಲ್ಲ. ವಜ್ರ ಆ ಮನೆಗೆ ಬಂದದ್ದಾದರೂ ಹೇಗೆ? 1799ರ ಮೇ 4ರಂದು, ಟಿಪ್ಪು ಸತ್ತು ಕೋಟೆ ಬಿದ್ದ ದಿನ, ಹರ್ನ್‌ಕಾಸಲ್ ಎಂಬ ಅಧಿಕಾರಿ ಕಾವಲಿನವರನ್ನು ಕೊಂದು ಅದನ್ನು ಎತ್ತಿಕೊಂಡ. ಅವನ ದಾಯಾದಿ ಕಣ್ಣಾರೆ ಕಂಡದ್ದು ಸ್ವಲ್ಪವೇ. ಸಾಕ್ಷಿ ಇಲ್ಲವೆಂದು ಸುಮ್ಮನಾದ. ಯಾರ್ಕ್‌ಷೈರಿನ ಕೇಸನ್ನು ಎರಡು ಸಲ ತನಿಖೆ ಮಾಡಿದರು. ಇದನ್ನು ಒಂದು ಸಲವೂ ಇಲ್ಲ.

ಹರ್ನ್‌ಕಾಸಲ್, ವಜ್ರ ಎರಡೂ ಕಲ್ಪನೆ. ಲೂಟಿ ಕಲ್ಪನೆಯಲ್ಲ. ಆ ರಾತ್ರಿ ಸೈನಿಕರು ಪಟ್ಟಣವನ್ನು ಕೊಳ್ಳೆ ಹೊಡೆದರು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ ಅದನ್ನು ನಿಲ್ಲಿಸಿದ. ಆಮೇಲೆ ನಡೆದದ್ದು ಕೇಳಿ: ಅರಮನೆಯ ಖಜಾನೆಯನ್ನು ಸಮಿತಿಯೊಂದು ಲೆಕ್ಕ ಹಾಕಿ, ಹುದ್ದೆಗೆ ತಕ್ಕಂತೆ ಸೈನ್ಯಕ್ಕೆ ಹಂಚಿತು. ಟಿಪ್ಪುವಿನ ಚಿನ್ನದ ಸಿಂಹಾಸನವನ್ನೂ ಒಡೆದರು. ಸಿಪಾಯಿ ಜೇಬಿಗಿಳಿಸಿದರೆ ಕಳ್ಳತನ, ಸಮಿತಿ ಹಂಚಿದರೆ ಪಾಲು! ಕಾಲಿನ್ಸ್ ಇದನ್ನು ಬರೆದದ್ದು 1857ರ ದಂಗೆಯಾಗಿ ಬರೀ ಹನ್ನೊಂದು ವರ್ಷಕ್ಕೆ, ಭಾರತೀಯರ ಮೇಲೆ ಅಲ್ಲಿನ ಜನಕ್ಕೆ ಸಿಟ್ಟು ಇಳಿಯದಿದ್ದ ಕಾಲದಲ್ಲಿ. ಅಂಥ ಓದುಗರ ಮುಂದೆ ಮೊದಲ ಅಪರಾಧಿಯಾಗಿ ಇಂಗ್ಲಿಷ್ ಅಧಿಕಾರಿಯನ್ನೇ ನಿಲ್ಲಿಸಿದ್ದಕ್ಕೆ ಅವನ ಬಗ್ಗೆ ನನಗೆ ಗೌರವ.

ಕೊನೆಗೆ ವಜ್ರ ಸೇರುವುದು ಗುಜರಾತಿನ ಸೋಮನಾಥಕ್ಕೆ. ನಮ್ಮೂರಿಗೆ ಬರಲಿಲ್ಲ ಅಂತ ಬೇಸರಿಸಬೇಡಿ. ಕಥೆಯ ಪ್ರಕಾರ ಅದು ಸೋಮನಾಥದ ದೇವರದು. ಹಿಂದೆಯೇ ಲೂಟಿಯಾಗಿ, ಕೈಯಿಂದ ಕೈಗೆ ಹೋಗಿ ಟಿಪ್ಪುವಿನ ಬಳಿಗೆ ಬಂದದ್ದು.

ಸಿಂಹಾಸನದ ಚಿನ್ನದ ಹುಲಿಮುಖ ಇವತ್ತು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಸೈನಿಕನ ಮೇಲೆ ಬಿದ್ದ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಆ ಕಡೆ ಹೋದವರು ಪಕ್ಕದ ಫಲಕವನ್ನೂ ಓದಿ. ಅದು ಅಲ್ಲಿಗೆ ಬಂದ ಬಗೆಗೆ ಯಾವ ಪದ ಬಳಸಿದ್ದಾರೆ ಅಂತ ನಮಗೆ ಬರೆದು ತಿಳಿಸಿ.