ಉಪ್ಪು, ರಕ್ತ ಮತ್ತು ಒಂದು ಸುಲಭದ ಕತೆ

ಅಮೆರಿಕದ ಕಪ್ಪು ಜನರಲ್ಲಿ ರಕ್ತದೊತ್ತಡ ಏಕೆ ಹೆಚ್ಚು? 1991ರಲ್ಲಿ ಥಾಮಸ್ ವಿಲ್ಸನ್ ಮತ್ತು ಕ್ಲಾರೆನ್ಸ್ ಗ್ರಿಮ್ ಉತ್ತರವನ್ನು ಇತಿಹಾಸದಲ್ಲಿ ಹುಡುಕಿದರು. ಗುಲಾಮರ ಹಡಗುಗಳಲ್ಲಿ ವಾಂತಿ, ಭೇದಿ, ಬೆವರಿನಿಂದ ಉಪ್ಪು ಕಳೆದುಕೊಂಡವರು ಸತ್ತರು. ಉಪ್ಪನ್ನು ಹಿಡಿದಿಡಬಲ್ಲ ದೇಹದವರು ಬದುಕಿದರು. ಅಂದು ಪ್ರಾಣ ಉಳಿಸಿದ ವಂಶವಾಹಿಯೇ ಇಂದು ಅವರ ಸಂತತಿಗೆ ಕಾಯಿಲೆಯಾಗಿದೆ ಎಂಬುದು ಅವರ ವಾದ.

ಮನಸ್ಸಿಗೆ ನಾಟುವ ಕತೆ. ಆದರೆ ಮರುವರ್ಷವೇ ಇತಿಹಾಸಕಾರ ಫಿಲಿಪ್ ಕರ್ಟಿನ್, ಇದಕ್ಕೆ ದಾಖಲೆಗಳ ಬೆಂಬಲವಿಲ್ಲ ಎಂದು ತೋರಿಸಿದರು. 1997ರಲ್ಲಿ ರಿಚರ್ಡ್ ಕೂಪರ್ ತಂಡ ಪಶ್ಚಿಮ ಆಫ್ರಿಕ ಮೂಲದವರನ್ನು ಪರೀಕ್ಷಿಸಿದಾಗ ಅಧಿಕ ರಕ್ತದೊತ್ತಡವಿದ್ದವರು ಪಶ್ಚಿಮ ಆಫ್ರಿಕದಲ್ಲಿ ಶೇ. 16, ಕೆರಿಬಿಯನ್ ದ್ವೀಪಗಳಲ್ಲಿ ಶೇ. 26, ಅಮೆರಿಕದಲ್ಲಿ ಶೇ. 33. ಕೊನೆಯ ಎರಡೂ ಗುಂಪುಗಳ ಪೂರ್ವಿಕರು ದಾಟಿದ್ದು ಅದೇ ಕಡಲನ್ನು. ಹಾಗಿದ್ದೂ ಅಂಕಿ ಬೇರೆ. ದೇಹದ ತೂಕ, ಉಪ್ಪಿನ ಸೇವನೆಯೂ ಬೇರೆ.

ವಂಶವಾಹಿಗಳ ಪಾತ್ರ ಸುಳ್ಳಲ್ಲ. 1962ರಲ್ಲೇ ಲೂಯಿಸ್ ಡಾಲ್, ಉಪ್ಪಿಗೆ ಒತ್ತಡ ಏರುವ ಮತ್ತು ಏರದ ಇಲಿಗಳ ತಳಿಗಳನ್ನು ಬೇರ್ಪಡಿಸಿದ್ದರು. ಆದರೆ ಪ್ರತಿ ಜನಸಮುದಾಯದಲ್ಲೂ ಎರಡೂ ಬಗೆಯವರಿದ್ದಾರೆ. ಮೈಬಣ್ಣ ನೋಡಿ ಅದನ್ನು ಹೇಳಲಾಗದು. ಕಾಯಿಲೆಯನ್ನು ಪೂರ್ವಿಕರ ರಕ್ತಕ್ಕೆ ಅಂಟಿಸಿಬಿಟ್ಟರೆ ಇಂದಿನ ಕೂಲಿ, ಕೇರಿ, ಊಟದ ತಟ್ಟೆ ಯಾವುದನ್ನೂ ಪ್ರಶ್ನಿಸಬೇಕಾಗಿಲ್ಲ. ಆ ಕತೆ ಸುಲಭವೆನಿಸುವುದು ಅದಕ್ಕೇ.